ಪುನರ್ವಸು ಮಳೇಲಿ ಬಟ್ಟೆ ಒಣಗ್ಸಿದ ಕತೆ: ಕಟ್ಟಿಗೆ ಕೊಟ್ಟಿಗೇನ ಒಗೆಯೋ ಮನೆ ಮಾಡಿದ ಪೂರ್ತಿ ಲೆಕ್ಕ

ನಮ್ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗೋ ರಸ್ತೇಲಿ ಸ್ವಲ್ಪ ಒಳಗೆ, ಸುತ್ತ ಅಡಿಕೆ ತೋಟ, ಹಿಂದೆ ಗುಡ್ಡ. ಆಗುಂಬೇಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬೀಳುತ್ತೆ ಅಂತಾರೆ, ನಮ್ಮಲ್ಲಿ ಅಷ್ಟಿಲ್ಲ, ಆದ್ರೆ ಜೂನ್ ಕೊನೇಲಿ ಆರಿದ್ರಾ ಮಳೆ ಹಿಡಿದ್ರೆ ಆಗಸ್ಟಿನ ಆಶ್ಲೇಷದ ತನಕ ಬಿಸಿಲು ಅಂದ್ರೆ ಎಂತ ಅಂತ ಮರ್ತೇ ಹೋಗೋ ಅಷ್ಟಂತೂ ಇದೆ. ಇಂಥ ಊರಲ್ಲಿ ಬಟ್ಟೆ ಒಗೆಯೋಕೆ ಒಂದು ಜಾಗ ಅಂತ ಮಾಡ್ಕೊಳ್ಳೋಕೆ ನಮಗೆ ಹದಿನೆಂಟು ವರ್ಷ ಬೇಕಾಯ್ತು, ಅಂದ್ರೆ ನಾನು ಮದುವೆಯಾಗಿ ಬಂದು ಅಷ್ಟು ವರ್ಷ. ಮಾಡಿದ್ಮೇಲೂ ಮೊದಲನೇ ಮಳೆಗಾಲ ಪೂರ್ತಿ ತಪ್ಪು ಮಾಡಿದ್ವಿ. ಆ ತಪ್ಪೂ ಸೇರಿ ಪೂರ್ತಿ ಬರೀತಿದೀನಿ, ಮೊನ್ನೆ ನನ್ನ ನಾದಿನಿ ಸಾಗರದಲ್ಲಿ ಅವರ ಮನೇಲಿ ಇದೇ ಮಾಡ್ತೀನಿ ಅಂತ ಫೋನಲ್ಲಿ ಒಂದು ಗಂಟೆ ತಲೆ ತಿಂದಿದ್ಲು, ಅವಳಿಗೂ ಇದನ್ನೇ ಕಳಿಸಿದ್ರಾಯ್ತು.

ಮುಂಚೆ ಹೆಂಗಿತ್ತು ಅಂದ್ರೆ, ಒಗೆಯೋ ಕಲ್ಲು ಹಿತ್ತಲಲ್ಲಿ ಬಯಲಲ್ಲಿ, ಮೇಲೆ ಎರಡು ತಗಡು. ವಾಶಿಂಗ್ ಮಶೀನು, ಏಳು ಕೆಜೀದು, ಸೆಮಿ ಆಟೋಮ್ಯಾಟಿಕ್ಕು, ಊಟದ ಮನೆ ಪಕ್ಕದ ಪಡಸಾಲೇಲಿ. ನೀರು ಬಚ್ಚಲಿಂದ ಬಕೀಟಲ್ಲಿ ಹೊತ್ತು ತಂದು ಹಾಕ್ಬೇಕು, ಕೊಳೆ ನೀರನ್ನ ಪೈಪಲ್ಲಿ ಬಾಗಿಲಾಚೆ ಬಿಡ್ಬೇಕು. ಒಣಗ್ಸೋದು ಬಚ್ಚಲುಮನೆಯ ಹಂಡೆ ಒಲೆ ಮೇಲೆ ಕಟ್ಟಿರೋ ಬಿದಿರು ಗಳದ ಮೇಲೆ, ಜಾಗ ಸಾಲ್ದೇ ಇದ್ರೆ ಜಗಲಿ, ಅಲ್ಲೂ ಸಾಲ್ದೇ ಇದ್ರೆ ಮಲಗೋ ಕೋಣೆ ಕಿಟಕಿ ಸರಳು, ಕುರ್ಚಿ ಬೆನ್ನು, ಟೀವಿ ಮೇಲೆ. ಮಲೆನಾಡಿನೋರಿಗೆ ಇದನ್ನ ವಿವರಿಸ್ಬೇಕಾಗಿಲ್ಲ. ಹೊಗೆ ವಾಸನೆಯ ಬನೀನು, ಅರ್ಧ ಒಣಗಿದ ಯೂನಿಫಾರ್ಮು, ಇಸ್ತ್ರಿಪೆಟ್ಟಿಗೇಲಿ ಒತ್ತಿ ಒತ್ತಿ ಆವಿ ತೆಗೆದು ಮಗಳನ್ನ ಶಾಲೆಗೆ ಕಳಿಸಿದ್ದು, ಎಲ್ಲ ಆಗಿದೆ.

ಬಚ್ಚಲುಮನೆಗೆ ಅಂಟಿಕೊಂಡೇ ಒಂದು ಕಟ್ಟಿಗೆ ಕೊಟ್ಟಿಗೆ ಇತ್ತು, 8 ಅಡಿ 11 ಅಡಿ. ಸೊಂಟದ ತನಕ ಜಂಬಿಟ್ಟಿಗೆ ಮೋಟುಗೋಡೆ, ಅದರ ಮೇಲೆ ಅಡಿಕೆ ದಬ್ಬೆಯ ತಟ್ಟಿ, ಮೇಲೆ ನಾಡಹೆಂಚು, ನೆಲ ಮಣ್ಣು. ಗೋಬರ್ ಗ್ಯಾಸು, ಸಿಲಿಂಡರು ಎರಡೂ ಬಂದ್ಮೇಲೆ ಕಟ್ಟಿಗೆ ಅಷ್ಟು ಬೇಕಾಗ್ತಿರ್ಲಿಲ್ಲ, ಒಳಗೆ ಇದ್ದಿದ್ದು ಹಳೇ ಸೈಕಲ್ಲು, ಒಡೆದ ಹಂಡೆ, ಚೇಳು. ಅದನ್ನೇ ಖಾಲಿ ಮಾಡೋಣ, 20000 ರೂಪಾಯಿ ಒಳಗೆ ಮುಗಿಸೋಣ, ಮೇಸ್ತ್ರಿ ಕೆಲಸ ಬಿಟ್ಟು ಉಳಿದಿದ್ದೆಲ್ಲ ನಾವೇ ಮಾಡೋಣ ಅಂತ ಏಪ್ರಿಲಲ್ಲಿ ಶುರು ಮಾಡಿದ್ವಿ. ಅತ್ತೆ ಬಾಗಿಲಲ್ಲಿ ನಿಂತು "ಎಂತಕ್ಕೆ ಮಾರಾಯ್ತಿ ಈ ಅವತಾರ, ಬಟ್ಟೆಗೂ ಒಂದು ಮನೆಯಾ" ಅಂದ್ರು. ಈಗ ಹಪ್ಪಳ ಒಣಗ್ಸೋಕೆ ಮೊದಲು ಅಲ್ಲಿಗೆ ಓಡೋರು ಅವ್ರೇ.

ನೆಲದ್ದು ಬೇಗ ಹೇಳಿ ಮುಗಿಸ್ತೀನಿ. ಮೂರಿಂಚು ಕಾಂಕ್ರೀಟು, ಆರಡಿಗೆ ಒಂದಿಂಚು ಇಳಿಜಾರು, ಮೂಲೇಲಿ ನೀರು ಹೋಗೋಕೆ ಜಾಲರಿ. ಮೇಸ್ತ್ರಿಗೆ ಕಾವಿ ಹಾಕಿ ಕನ್ನಡಿ ಥರ ಪಾಲಿಶ್ ಮಾಡೋ ಆಸೆ, "ಅಕ್ಕಾ, ಮನೆ ಒಳಗೆ ಹೆಂಗೆ ಮಾಡಿದೀನಿ ನೋಡಿ, ಹಂಗೇ ಮಾಡ್ಕೊಡ್ತೀನಿ" ಅಂತ ಎರಡು ದಿನ ಹಠ. ಸೋಪು ನೀರು ಬೀಳೋ ಜಾಗದಲ್ಲಿ ಕಾವಿ ನೆಲ ಅಂದ್ರೆ ಸೊಂಟ ಮುರ್ಕೊಳ್ಳೋಕೆ ನಾವೇ ದುಡ್ಡು ಕೊಟ್ಟಂಗೆ, ಹಸಿ ಇದ್ದಾಗ್ಲೇ ತೆಂಗಿನ ಪೊರಕೆ ಎಳೆದು ಗೀರು ಬರ್ಸಿದ್ವಿ. ಒಗೆಯೋ ಕಲ್ಲನ್ನ ಹಿತ್ತಲಿಂದ ಒಳಗೆ ತಂದ್ವಿ, ನಾಕು ಜನ, ಎರಡು ಹಾರೆ, ಒಂದು ಪಾತ್ರೆ ಚಾ. ಮಶೀನ್ ಇದ್ಮೇಲೆ ಕಲ್ಲು ಯಾಕೆ ಅಂತ ಕೇಳಿದ್ರು ಸುಮಾರು ಜನ, ಅದಕ್ಕೆ ಬರ್ತೀನಿ. ಮಶೀನಿಗೆ ಇಟ್ಟಿಗೆ ಮೇಲೆ ಹಳೇ ಕಡಪಾ ಕಲ್ಲಿನ ಪೀಠ, ಬುಡಕ್ಕೆ ಕಬ್ಬಿಣದ ಜಾಲರಿ, ಯಾಕಂದ್ರೆ ಇಲಿ ಕೆಳಗಿಂದ ನುಗ್ಗಿ ಬೆಲ್ಟು ವೈರು ಎಲ್ಲ ಕಡಿಯುತ್ತೆ, ನಮಗೆ ಒಂದ್ಸಲ ಅನುಭವ ಆಗಿದೆ.

ಗೋಡೆಗೆ ಪೇಂಟ್ ಹೊಡೀಲಿಲ್ಲ. ಜಂಬಿಟ್ಟಿಗೆ ತೂತು ತೂತು ಕಲ್ಲು, ಮಳೆಗಾಲ ಪೂರ್ತಿ ನೀರು ಹೀರ್ತಾನೇ ಇರುತ್ತೆ, ಮೇಲೆ ಪ್ಲಾಸ್ಟಿಕ್ ಥರದ ಪೇಂಟ್ ಬಳಿದ್ರೆ ಒಳಗಿನ ನೀರು ಹೊರಗೆ ಬರೋಕಾಗದೆ ಗುಳ್ಳೆ ಎದ್ದು ಸಿಪ್ಪೆ ಕಿತ್ತು ಬರುತ್ತೆ. ಸುಣ್ಣ ಬಳಿದ್ರೆ ಗೋಡೆ ಉಸಿರಾಡುತ್ತೆ, ಸುಣ್ಣದ ಕ್ಷಾರಕ್ಕೆ ಬೂಷ್ಟು ಬೇಗ ಹತ್ತಲ್ಲ. ಸುಣ್ಣದ ಕಲ್ಲನ್ನ ರಾತ್ರಿ ನೀರಿಗೆ ಹಾಕಿ ಅರಳ್ಸಿ, ಬೆಳಿಗ್ಗೆ ಹಳೇ ಸೀರೇಲಿ ಸೋಸಿ, ಒಂದು ಹಿಡಿ ಉಪ್ಪು ಹಾಕಿ ನಾನೂ ಮಗಳೂ ಮೂರು ಕೋಟ್ ಬಳಿದ್ವಿ. ಕೈ ಸುಟ್ಟಂಗಾಗಿ ಎರಡು ದಿನ ಉರಿ, ಗ್ಲೌಸ್ ಹಾಕ್ಕೊಳ್ಳಿ. ಬೆಳಕಿಗೆ ಮಾಡಲ್ಲಿ, ಅಂದ್ರೆ ಸೂರಲ್ಲಿ, ನಾಕು ಗಾಜಿನ ಹೆಂಚು.

ನೀರು ನಮ್ಗೆ ಗುಡ್ಡದಿಂದ ಬರೋ ಅಬ್ಬಿ ನೀರು, ಪೈಪಲ್ಲಿ ಬಂದು ಅಂಗಳದ ಪಕ್ಕದ ಕಟ್ಟೆ ಮೇಲಿನ ಸಿಂಟೆಕ್ಸಿಗೆ ಬೀಳುತ್ತೆ. ನಮ್ಮನೆಯವ್ರು ಈ ನೆಪದಲ್ಲಿ ಫುಲ್ ಆಟೋಮ್ಯಾಟಿಕ್ ತಗೊಳೋಣ ಅಂತ ಶಿವಮೊಗ್ಗದ ಬಿ.ಎಚ್. ರೋಡಲ್ಲಿ ಅಂಗಡಿ ಅಂಗಡಿ ತಿರುಗಿ ಬಂದ್ರು. ಟ್ಯಾಂಕು ನಲ್ಲಿಗಿಂತ ಹತ್ತಡಿ ಮೇಲಿದ್ರೆ ಸಿಗೋ ಒತ್ತಡ ಸುಮಾರು 0.3 ಬಾರ್ ಅಷ್ಟೇ, ನಮ್ಮದು ಆರಡಿ, ಅಂದ್ರೆ 0.2ಕ್ಕೂ ಕಮ್ಮಿ. ಅಂಥ ಮಶೀನು ನೀರಿಗೆ ಕಾದೂ ಕಾದೂ ಎರರ್ ತೋರ್ಸಿ ನಿಂತ್ಬಿಡುತ್ತೆ, ಇಲ್ಲಾ ಬೇರೆ ಪ್ರೆಶರ್ ಪಂಪ್ ಹಾಕ್ಬೇಕು. ಅದಕ್ಕಿಂತ ದೊಡ್ಡ ವಿಷ್ಯ ಕರೆಂಟು. ಮರ ಬಿದ್ದು ಲೈನ್ ಹೋದ್ರೆ ಮೂರು ದಿನ ಬರಲ್ಲ, ಬಾಗಿಲು ಲಾಕ್ ಆದ ಮಶೀನಲ್ಲಿ ನೆನೆದ ಬಟ್ಟೆ ಇಟ್ಕೊಂಡು ಪೂಜೆ ಮಾಡ್ಬೇಕಾ? ಸೆಮಿ ಆದ್ರೆ ಮುಚ್ಚಳ ತೆಗೆದು ಕಲ್ಲ ಮೇಲೆ ಹಾಕಿ ನಾಕು ಬಡಿದು ಮುಗಿಸ್ಬೋದು. ಹಳೇದೇ ಉಳೀತು.

ಕರೆಂಟಿನ ಕೆಲಸ ಮಾತ್ರ ನಾವು ಮುಟ್ಟಲಿಲ್ಲ. ಒದ್ದೆ ನೆಲ, ಬರಿಗಾಲು, ಹಳೇ ಮನೆ ವೈರಿಂಗು. ಎಲೆಕ್ಟ್ರಿಷಿಯನ್ ಬಂದು ಬೇರೆ ಲೈನ್ ಎಳೆದು, 30 ಮಿಲಿ ಆಂಪಿಯರಿಗೆ ಟ್ರಿಪ್ ಆಗೋ, ಅಂದ್ರೆ ಅಷ್ಟು ಕರೆಂಟು ಸೋರಿದ್ರೂ ತಕ್ಷಣ ಲೈನ್ ಕಡಿಯೋ ಆರ್‌ಸಿಸಿಬಿ ಹಾಕಿ, ಇದ್ದಿಲು ಉಪ್ಪು ತುಂಬಿ ಹೊಸ ಅರ್ಥಿಂಗ್ ಗುಂಡಿ ಮಾಡಿ, ಪ್ಲಗ್ಗನ್ನ ಎದೆ ಮಟ್ಟದಲ್ಲಿ ಕೂರ್ಸಿದ್ರು. ಮುಂಚೆ ಮಶೀನಿನ ಮೈ ಮುಟ್ಟಿದ್ರೆ ಜುಮ್ ಅಂತಿತ್ತು, ನಾವು ಅದನ್ನ "ಸ್ವಲ್ಪ ಶಾಕ್ ಇದೆ" ಅಂತ ಮಕ್ಕಳಿಗೆ ಹೇಳಿ ಸುಮ್ನಿರ್ತಿದ್ವಿ, ಈಗ ನೆನೆಸ್ಕೊಂಡ್ರೆ ಮೈ ನಡುಗುತ್ತೆ.

ಮೇ ಕೊನೆಗೆ ಎಲ್ಲ ಮುಗೀತು, ಕೊಟ್ಟಿಗೆ ಬೆಳ್ಳಗೆ ಹೊಳೀತಿತ್ತು, ನೆಂಟರಿಗೆಲ್ಲ ಫೋಟೋ ಹೋಯ್ತು. ಜೂನ್ ಮೊದಲ ವಾರ ಗಾಳಿ ಮಳೆ ಹೊಡೀತು ನೋಡಿ, ತಟ್ಟಿ ಸಂದೀಲಿ ಎರಚಲು, ಹೆಂಚಿನ ಸಂದೀಲಿ ತಟಕು. ನಮ್ಮನೆಯವ್ರು ಒಂದೇ ದಿನದಲ್ಲಿ ಟಾರ್ಪಲ್ ತಂದು ಒಳಗಿಂದ ಸುತ್ತ ಬಿಗಿದು, ಹೆಂಚಿನ ಕೆಳಗೂ ಅಡ್ಡ ಕಟ್ಟಿ, ಒಂದು ತೊಟ್ಟು ನೀರು ಬರದ ಹಂಗೆ ಮಾಡಿದ್ರು. ಒಳಗೆ ನಿಂತ್ರೆ ಬೆಚ್ಚಗೆ, ಮಳೆ ಸದ್ದು ದೂರ. ನಂಗೂ ಖುಷಿಯೇ ಆಗಿತ್ತು, ಸುಳ್ಳು ಹೇಳಲ್ಲ.

ಮೂರನೇ ದಿನಕ್ಕೆ ಟಾರ್ಪಲಿನ ಒಳಮೈ ತುಂಬ ನೀರಿನ ಹನಿ. ಬಟ್ಟೆ ನೇತು ಹಾಕಿದಾಗ ಹೆಂಗಿತ್ತೋ ಹಂಗೇ, ಜೊತೆಗೆ ಮುಗ್ಗಲು ವಾಸನೆ. ಪುನರ್ವಸು ಹೊತ್ತಿಗೆ ಮಗಳ ಬಿಳಿ ಶರ್ಟಿನ ಕಾಲರ್ ಹಿಂದೆ ಸಾಸಿವೆ ಉದುರಿಸಿದಂಗೆ ಕಪ್ಪು ಚುಕ್ಕೆ, ಉಜ್ಜಿದ್ರೂ ಹೋಗಲ್ಲ. ಹಳೇ ಬಚ್ಚಲಲ್ಲೇ ಎರಡು ದಿನಕ್ಕೆ ಒಣಗ್ತಿದ್ದಿದ್ದು ಇಲ್ಲಿ ನಾಕು ದಿನವಾದ್ರೂ ಇಲ್ಲ. ಅತ್ತೆ ಏನೂ ಅನ್ನಲಿಲ್ಲ, ಅವರ ಸೀರೆನ ಮಾತ್ರ ತಗೊಂಡು ಹೋಗಿ ಒಲೆ ಮೇಲಿನ ಗಳಕ್ಕೆ ಹಾಕಿದ್ರು. ಬೈದಿದ್ರೇ ಚೆನ್ನಾಗಿತ್ತು.

ಆ ವಾಸನೆ ಕೊಳೆಯಿಂದ ಬರುತ್ತೆ ಅಂತ ನಾನು ಪುಡಿ ಜಾಸ್ತಿ ಹಾಕಿದೆ, ಅದು ಇನ್ನೊಂದು ತಪ್ಪು. ಒದ್ದೆ ಬಟ್ಟೆ ವಾಸನೆಗೆ ಮೊರಾಕ್ಸೆಲ್ಲಾ ಓಸ್ಲೋಯೆನ್ಸಿಸ್ ಅನ್ನೋ ಒಂದು ಬ್ಯಾಕ್ಟೀರಿಯಾ ಮುಖ್ಯ ಕಾರಣ ಅಂತ ಜಪಾನಿನ ಸಂಶೋಧಕರು 2012ರಲ್ಲಿ ತೋರ್ಸಿದಾರೆ, ಅದು ಒಗೆದ್ರೂ ಬಟ್ಟೇಲಿ ಉಳ್ಕೊಂಡಿರುತ್ತೆ, ನಿಧಾನಕ್ಕೆ ಒಣಗೋ ಅಷ್ಟೂ ಹೊತ್ತು ಬೆಳೀತಾ ಇರುತ್ತೆ. ನಮ್ಮ ಅಬ್ಬಿ ನೀರೋ ಮೆದು ನೀರು, ನೊರೆ ಸುಲಭಕ್ಕೆ ಬರುತ್ತೆ, ಹೋಗೋದು ಕಷ್ಟ. ಉಳಿದ ಸೋಪು ಬಟ್ಟೇಲಿ ಅಂಟಿ ಇನ್ನಷ್ಟು ವಾಸನೆ. ಪ್ಯಾಕೆಟ್ ಮೇಲೆ ಬರೆದಿದ್ದರ ಅರ್ಧ ಪುಡಿ ನಮಗೆ ಸಾಕೋ ಸಾಕು.

ಸರಿ, ಒಣಗ್ತಾ ಯಾಕಿಲ್ಲ? ಪಿಯುಸಿ ಓದ್ತಿರೋ ಮಗಳು ಒಂದು ಭಾನುವಾರ ಅಡಿಕೆ ತೂಗೋ ಎಲೆಕ್ಟ್ರಾನಿಕ್ ತಕ್ಕಡಿ ತಂದು ಕೂತ್ಲು. ಒಂದು ಹಾಸು ಬಟ್ಟೆ ಒಣಗಿದ್ದಾಗ 620 ಗ್ರಾಂ. ನಾನು ಕೈಯಲ್ಲಿ ಹಿಂಡಿ ಕೊಟ್ಟಿದ್ದು 1450. ಮಶೀನಲ್ಲಿ ಐದು ನಿಮಿಷ ಸ್ಪಿನ್ ಮಾಡಿದ್ದು 980. ಹಿಂಡಿದ್ದು ಬಿಗಿ ಸಾಲಲಿಲ್ಲ ಅಂತ ನಾನು ಇನ್ನೊಂದ್ಸಲ ಹಿಂಡಿದೆ, ಹತ್ತು ಗ್ರಾಂ ಇಳೀತು, ಕೈ ನೋವು ಬೇರೆ. ಆಮೇಲೆ ಆ ದಿನದ ಪೂರ್ತಿ ಬಟ್ಟೆ ಸ್ಪಿನ್ ಮಾಡಿ ತೂಗಿದ್ಲು, ಅದರಲ್ಲಿದ್ದ ನೀರು 3.2 ಕೆಜಿ.

"ಅಮ್ಮಾ, ಈ ಮೂರು ಲೀಟರ್ ನೀರು ಎಲ್ಲಿಗೆ ಹೋಗ್ಬೇಕು ಹೇಳು?"

"ಒಣಗಿ ಹೋಗುತ್ತಪ್ಪ."

"ಎಲ್ಲಿಗೆ?"

ಅವಳ ಲೆಕ್ಕ ಹಿಂಗೆ. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚಂದ್ರೆ 23 ಗ್ರಾಂ ನೀರಾವಿ ಹಿಡ್ಕೊಳ್ಳುತ್ತೆ. ಮಳೆಗಾಲದಲ್ಲಿ ಶೇಕಡ 90 ಆಗ್ಲೇ ತುಂಬಿರುತ್ತೆ, ಉಳಿದಿರೋದು ಎರಡು ಚಿಲ್ರೆ ಗ್ರಾಂ. ನಮ್ಮ ಕೊಟ್ಟಿಗೆ ಸುಮಾರು 22 ಘನ ಮೀಟರ್, ಅಂದ್ರೆ ಪೂರ್ತಿ ರೂಮಿನ ಗಾಳಿ ಕುಡಿಯೋದು 50 ಗ್ರಾಂ, ಒಂದು ಚಾ ಲೋಟದ ಅರ್ಧ. ಮೂರು ಲೀಟರಿಗೆ ಆ ರೂಮಿನ ಗಾಳಿ ಅರವತ್ತಕ್ಕೂ ಹೆಚ್ಚು ಸಲ ಪೂರ್ತಿ ಬದಲಾಗ್ಬೇಕು. ನಾವೋ, ಅದೇ ಗಾಳೀನ ಟಾರ್ಪಲಲ್ಲಿ ಕಟ್ಟಿ ಇಟ್ಕೊಂಡು ಕಾಯ್ತಿದ್ವಿ. ಅದೇ ಗಾಳೀನ 35 ಡಿಗ್ರಿಗೆ ಕಾಯ್ಸಿದ್ರೆ ಹತ್ತತ್ರ 40 ಗ್ರಾಂ ಹಿಡಿಯುತ್ತೆ, ಆಗ ಏಳೆಂಟು ಸಲ ಬದಲಾದ್ರೆ ಸಾಕು. ಹಳೇ ಬಚ್ಚಲಲ್ಲಿ ಬೇಗ ಒಣಗ್ತಿದ್ದಿದ್ದು ಅದಕ್ಕೇ, ಒಲೆ ಬಿಸಿಯೂ ಇತ್ತು, ಹೊಗೆ ಹೋಗೋ ಗಂಡಿಯೂ ಇತ್ತು.

ನಮ್ಮನೆಯವ್ರು ಒಂದು ಮಾತೂ ಆಡದೆ ಟಾರ್ಪಲ್ ಬಿಚ್ಚಿದ್ರು. 1150 ರೂಪಾಯಿ ಟಾರ್ಪಲ್, ಈಗ ಅಡಿಕೆ ಮೇಲೆ ಮುಚ್ಚೋಕೆ ಆಗಿದೆ.

ನಮ್ಮಲ್ಲಿ ಮಳೆ ಗಾಳಿ ಬರೋದು ಪಶ್ಚಿಮದಿಂದ. ಪಶ್ಚಿಮದ ಕಡೆ ತಟ್ಟಿಗೆ ಮಾತ್ರ ಹೊರಗಿಂದ ಹಳೇ ತಗಡು ಹೊಡೆದು ಎರಚಲು ನಿಲ್ಸಿದ್ವಿ. ಉತ್ತರದ ಮೋಟುಗೋಡೇಲಿ ನೆಲದಿಂದ ಒಂದಡಿ ಮೇಲೆ ಎರಡು ಕಲ್ಲು ಕಿತ್ತು ಜಾಲರಿ ಹಾಕಿದ್ವಿ, ಗಾಳಿ ಒಳಗೆ ಬರೋ ಗಂಡಿ ಅದು. ಪೂರ್ವದ ಕಡೆ ಮಾಡಿನ ಹತ್ರ, ಎಷ್ಟು ಮೇಲಾಗುತ್ತೋ ಅಷ್ಟು ಮೇಲೆ, ಹನ್ನೆರಡಿಂಚಿನ ಎಕ್ಸಾಸ್ಟ್ ಫ್ಯಾನು, 50 ವ್ಯಾಟ್ ಆಸುಪಾಸು, ಹಗಲೆಲ್ಲ ತಿರುಗಿದ್ರೂ ಬಿಲ್ಲಲ್ಲಿ ಗೊತ್ತಾಗಲ್ಲ. ತಣ್ಣನೆ ಗಾಳಿ ಕೆಳಗಿಂದ ಬಂದು ಬಟ್ಟೆ ಸವರ್ಕೊಂಡು ಮೇಲೆ ಹೋಗ್ಬೇಕು, ಅಷ್ಟೇ ಇದರ ಮರ್ಮ. ಎರಡೂ ಗಂಡಿ ಒಂದೇ ಗೋಡೇಲಿ ಅಕ್ಕಪಕ್ಕ ಇಟ್ರೆ ಗಾಳಿ ಅಲ್ಲಲ್ಲೇ ಸುತ್ತಿ ಹೊರಗೆ ಹೋಗುತ್ತೆ, ನಾದಿನಿ ಪ್ಲಾನಲ್ಲಿ ಹಂಗೇ ಇತ್ತು, ಅದಕ್ಕೇ ಒತ್ತಿ ಹೇಳ್ತಿದೀನಿ.

ಇನ್ನು ಬಿಸಿ. ಬೆಳಿಗ್ಗೆ ಸಂಜೆ ಹಂಡೆ ಒಲೆಗೆ ಅಡಿಕೆ ಸಿಪ್ಪೆ ಉರಿಸೇ ಉರಿಸ್ತೀವಿ, ಆ ಬಿಸಿ ಹೊಗೆ ಜೊತೆ ಹೊರಗೆ ಹೋಗಿ ಆಕಾಶ ಕಾಯ್ಸುತ್ತೆ. ಆ ಹೊಗೆ ಪೈಪನ್ನೇ ಗೋಡೆ ತೂತು ಮಾಡಿ ಈಚೆ ಕೊಟ್ಟಿಗೆ ಮೂಲಕ ಹಾಯ್ಸಿ ಆಮೇಲೆ ಹೊರಗೆ ಬಿಟ್ರೆ? ತಗಡಿನ ಕೆಲಸದೋರ ಹತ್ರ ಕೇಳಿದ್ವಿ. ಅವ್ರು ಒಂದು ಒಳ್ಳೇ ಮಾತು ಹೇಳಿದ್ರು, ಒಲೆ ಬಾಯಿ ಹತ್ರದ ಮೊದಲ ಮೂರಡಿ ಬರೀ ಕಬ್ಬಿಣದ್ದಿರ್ಲಿ, ಜಿಐ, ಅಂದ್ರೆ ಸತು ಲೇಪಿಸಿದ ತಗಡು, ಬೇಡ ಅಂತ, ಯಾಕಂದ್ರೆ ಜಿಐ ಮೇಲಿರೋ ಸತು ಸುಮಾರು 420 ಡಿಗ್ರಿಗೇ ಕರಗುತ್ತೆ, ಅಷ್ಟು ಕಾದ್ರೆ ಅದರ ಹೊಗೆ ಒಳ್ಳೇದಲ್ಲ. ಮುಂದಿನದ್ದು ಜಿಐ ಆದ್ರೆ ಅಡ್ಡಿಲ್ಲ, ಅಲ್ಲಿಗೆ ಬರೋ ಹೊತ್ತಿಗೆ ಬಿಸಿ ಇಳಿದಿರುತ್ತೆ.

ಜೋಡಿಸಿದ್ದು ನಾವೇ, ಕೆಡಿಸಿದ್ದೂ ನಾವೇ. ಬಿಸಿ ಜಾಸ್ತಿ ಸಿಗ್ಲಿ ಅಂತ ಎಂಟಡಿ ಪೈಪನ್ನ ಗೋಡೆಗುಂಟ ನೆಟ್ಟಗೆ ಮಲಗ್ಸಿ ಕೊನೇಲಿ ಮಾತ್ರ ಮೇಲಕ್ಕೆ ತಿರುಗ್ಸಿದ್ವಿ. ಸಂಜೆ ಒಲೆ ಹಚ್ಚಿದ್ದೇ ತಡ ಹೊಗೆ ಪೂರ್ತಿ ವಾಪಸ್ ಬಚ್ಚಲಿಗೆ, ಸ್ನಾನಕ್ಕೆ ಹೋಗಿದ್ದ ಮಾವ ಟವೆಲ್ಲಲ್ಲೇ ಅಂಗಳಕ್ಕೆ ಬಂದ್ರು. ಹೊಗೆಗೆ ಏರು ಬೇಕು. ಮಾರನೇ ದಿನ ಪೈಪನ್ನ ಮೂಲೆಯಿಂದ ಮೂಲೆಗೆ ಓರೆಯಾಗಿ ಏರಿಸಿ ಮಾಡಿನ ಮೇಲೆ ಮೂರಡಿ ಎತ್ತರಕ್ಕೆ ಬಿಟ್ಟ ಮೇಲೆ ಸರಿಯಾಯ್ತು. ಜೋಡಣೆ ಸಂದಿಗೆಲ್ಲ ಹುತ್ತದ ಮಣ್ಣು ಮೆತ್ತಿದೀವಿ, ಹೆಂಚಿನ ಹತ್ರ ಮರದ ರೀಪು ತಾಗದ ಹಂಗೆ ತಗಡಿನ ಕಾಲರ್. ಪೈಪಿಗೂ ಬಟ್ಟೆಗೂ ನಡುವೆ ಕಮ್ಮಿ ಅಂದ್ರೂ ಎರಡಡಿ, ಅದಕ್ಕೆ ಜಾಲರಿ ಅಡ್ಡ ಇದೆ. ಇನ್ನೊಂದು, ಒಲೆ ಉರಿಯೋವಾಗ ಫ್ಯಾನು ಹಾಕಲ್ಲ. ಫ್ಯಾನು ಹೊರಗೆ ಎಳೆದ್ರೆ ಪೈಪಿನ ಸಂದಿಯಿಂದ ಹೊಗೆ ಒಳಗೆ ಎಳೆಯುತ್ತೆ, ಕಣ್ಣಿಗೆ ಕಾಣದ ವಿಷಾನಿಲ ಅದರಲ್ಲಿರುತ್ತೆ. ಒಲೆ ಆರಿ ಪೈಪ್ ಬಿಸಿ ಇರೋವಾಗ ಫ್ಯಾನು, ಒಲೆ ಉರಿಯೋವಾಗ ಕೆಳಗಿನ ಮೇಲಿನ ಗಂಡಿ ಎರಡೂ ತೆರೆದಿರ್ಬೇಕು, ಯಾರೂ ಒಳಗೆ ಮಲಗೋ ಹಂಗಿಲ್ಲ. ಬೆಕ್ಕಿಗೆ ಇದು ಅರ್ಥ ಆಗಲ್ಲ, ಅದು ಅಲ್ಲೇ ಇರುತ್ತೆ.

ಬಟ್ಟೆ ಹಾಕೋದು ಬಿದಿರು ಗಳಕ್ಕೇ, ಆದ್ರೆ ಬಾವಿ ರಾಟೆ ಥರದ ಸಣ್ಣ ರಾಟೆ ಎರಡು ಕಡೆ ಕಟ್ಟಿ ಹಗ್ಗ ಎಳೆದ್ರೆ ಮೇಲೆ ಹೋಗೋ ಹಂಗೆ. ಕೆಳಗೆ ಇಳಿಸಿ ಬಟ್ಟೆ ಹಾಕಿ ಮೇಲೆ ಎತ್ತೋದು, ಅತ್ತೆಗೆ ಕೈ ಎತ್ತೋ ಕಷ್ಟ ಇಲ್ಲ. ಎರಡು ಬಟ್ಟೆ ನಡುವೆ ಅರ್ಧ ಗೇಣು ಬಿಡ್ಬೇಕು, ಒಂದರ ಮೇಲೊಂದು ಹಾಕಿದ್ರೆ ಎಷ್ಟು ಫ್ಯಾನಿದ್ರೂ ಅಷ್ಟೇ.

ಕಲ್ಲಿನ ವಿಷ್ಯ ಹೇಳ್ತೀನಿ ಅಂದಿದ್ದೆ. ಮಳೆಗಾಲದಲ್ಲಿ ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೀತಾರಲ್ಲ, ಒಂದು ಕೆಜಿ ಮೈಲುತುತ್ತ ಒಂದು ಕೆಜಿ ಸುಣ್ಣ ನೂರು ಲೀಟರ್ ನೀರು, ಆ ಬಟ್ಟೆಗಳನ್ನ ಮಶೀನಿಗೆ ಹಾಕಲ್ಲ. ಪಾಕ ಸರಿ ಇದ್ಯಾ ಅಂತ ನೋಡೋಕೆ ಹಸನಾದ ಕತ್ತಿ ಅದ್ದಿ, ಕೆಂಪಗೆ ತಾಮ್ರ ಹತ್ತಿದ್ರೆ ಸುಣ್ಣ ಇನ್ನೂ ಬೇಕು ಅಂತಾರೆ, ಕಬ್ಬಿಣಕ್ಕೆ ಹಂಗೆ ಹತ್ತೋ ಸಾಮಾನು ಮಶೀನಿನ ಡ್ರಮ್ಮಿಗೂ ಬೇಡ, ಮಕ್ಕಳ ಬಟ್ಟೆಗೂ ಬೇಡ. ಅದಕ್ಕೆ ನೀಲಿ ಬಕೀಟು ಬೇರೆ, ಕಲ್ಲು, ಕೈಗೆ ಗ್ಲೌಸು, ಆ ನೀರನ್ನ ಜಾಲರಿಗೆ ಬಿಡದೆ ಬೇರೆ ಹೊಂಡಕ್ಕೆ. ಸುಗ್ಗೀಲಿ ಅಡಿಕೆ ಕರೆ ಹತ್ತಿದ ಬಟ್ಟೆದು ಇನ್ನೊಂದು ಕತೆ. ಅಡಿಕೆ ಚೊಗರಲ್ಲಿ ಟ್ಯಾನಿನ್ ಇರುತ್ತೆ, ಕಬ್ಬಿಣದ ಅಂಶ ಇರೋ ಬೋರ್ ನೀರು ತಾಗಿದ್ರೆ ಶಾಯಿ ಥರ ಕಪ್ಪಾಗಿ ಕೂರುತ್ತೆ, ಅದಕ್ಕೆ ಬೋರಿನ ನಲ್ಲಿ ಇದ್ರೂ ಆ ರೂಮಿಗೆ ಲೈನ್ ಕೊಟ್ಟಿಲ್ಲ. ಮಾಮೂಲಿ ಸೋಪು ನೀರು ಬಾಳೆ ಬುಡಕ್ಕೆ ಹೋಗುತ್ತೆ, ಒಂದೇ ಕಡೆ ಬಿಟ್ರೆ ಮಣ್ಣು ಗಟ್ಟಿಯಾಗುತ್ತೆ, ಹದಿನೈದು ದಿನಕ್ಕೊಂದ್ಸಲ ಪೈಪಿನ ಬಾಯಿ ಬೇರೆ ಗಿಡಕ್ಕೆ ತಿರುಗ್ಸ್ತೀವಿ. ಟವೆಲ್ಲು, ಬನೀನು, ಸಾಕ್ಸು ಇಂಥದಕ್ಕೆ ವಾಸನೆ ಬಂದಿದ್ರೆ ಹಂಡೆಯ ಕುದಿ ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ ಆಮೇಲೆ ಮಶೀನು. ಹಂಡೆ ಪಕ್ಕದಲ್ಲೇ ಇರೋದಕ್ಕೆ ಇದೊಂದು ಬಿಟ್ಟಿ ಲಾಭ.

ದುಡ್ಡು. ನೆಲಕ್ಕೆ ಸಿಮೆಂಟು ಜಲ್ಲಿ ಮರಳು ಮೇಸ್ತ್ರಿ ಆಳು ಎಲ್ಲ ಸೇರಿ 7200, ನಲ್ಲಿ ಪೈಪು 2350, ಕರೆಂಟಿನ ಕೆಲಸ 4400, ಹೊಗೆ ಪೈಪು 3800, ಗಾಜಿನ ಹೆಂಚು 1200, ಸುಣ್ಣ ಬ್ರಶ್ಶು 450, ಫ್ಯಾನು 2100, ರಾಟೆ ಹಗ್ಗ ಜಾಲರಿ 700, ಮೇಲಿಂದ ಆ ಟಾರ್ಪಲ್ 1150. ಒಟ್ಟು 23350. ಅಂದುಕೊಂಡಿದ್ದಕ್ಕಿಂತ 3350 ಜಾಸ್ತಿ. ಬಿದಿರು, ತಗಡು, ಕಡಪಾ ಕಲ್ಲು ಮನೇದು, ನಮ್ಮ ಕೂಲಿ ಲೆಕ್ಕಕ್ಕಿಲ್ಲ. ಉಳಿಸೋಕೆ ಆಗ್ತಿತ್ತಾ ಅಂದ್ರೆ ಟಾರ್ಪಲ್ ಉಳೀತಿತ್ತು, ನಲ್ಲಿ ಎರಡು ಸಾಕಿತ್ತು ನಾವು ನಾಕು ಹಾಕಿದ್ವಿ. ಕರೆಂಟಿನ 4400ರಲ್ಲಿ ಮಾತ್ರ ಒಂದು ರೂಪಾಯಿ ಕಮ್ಮಿ ಮಾಡ್ಬೇಡಿ.

ಈಗ ಎರಡನೇ ಮಳೆಗಾಲ ಕಳೆದಿದೆ. ಸಾಯಂಕಾಲ ಸ್ಪಿನ್ ಮಾಡಿ ಹಾಕಿದ ಶರ್ಟು ಮಾರನೇ ಬೆಳಿಗ್ಗೆ ಒಲೆ ಹಚ್ಚಿ ಎರಡು ಗಂಟೆಗೆ ಮಡಚೋ ಹಂಗಿರುತ್ತೆ. ಜೀನ್ಸು ಒಂದೂವರೆ ದಿನ. ಕರೆಂಟಿಲ್ಲದ ದಿನ ಇದೆಲ್ಲ ಇಲ್ಲ, ಬರೀ ಪೈಪಿನ ಬಿಸಿ, ಎರಡು ದಿನ ಹಿಡಿಯುತ್ತೆ. ಕಂಬಳಿ ಮಾತ್ರ ಸೋತಿದೀವಿ, ನೀರು ಕುಡಿದ ಕಂಬಳಿ ಎತ್ತೋಕೇ ಇಬ್ಬರು ಬೇಕು, ಗಳ ಬಾಗುತ್ತೆ, ನಾಕು ದಿನವಾದ್ರೂ ಒಳಗೆ ತಣ್ಣಗೆ, ಅದನ್ನ ಬೇಸಿಗೇಲೇ ಒಗೀಬೇಕು ಅಂತ ಅತ್ತೆ ಮೊದ್ಲೇ ಹೇಳಿದ್ರು.

ಪೈಪಲ್ಲಿ ಇಲ್ಲಣ, ಅಂದ್ರೆ ಹೊಗೆ ಮಸಿ, ಕಟ್ಟಿದೆ, ಹೋದ ವಾರ ಹೊಗೆ ಮತ್ತೆ ಸ್ವಲ್ಪ ಬಚ್ಚಲ ಕಡೆ ತಿರುಗ್ತಿತ್ತು. ಬಿಚ್ಚಿ ಬಡಿದು ಹಾಕ್ಬೇಕು. ಏಣಿ ಪಕ್ಕದ ಮನೆಗೆ ಹೋಗಿದೆ, ಅಡಿಕೆ ಕೊನೆ ಕೊಯ್ಲು ಮುಗಿದ್ಮೇಲೆ ಕೊಡ್ತೀವಿ ಅಂದಿದಾರೆ.